ಲೆಕ್ಕಕ್ಕೆ ಹಿಡಿಯದ ಬೆಳಕು

ದೊಡ್ಡ ಅಂಗಡಿಯ ಎದುರು ಸಾಲಿನಲ್ಲಿ ಬೀದಿಗೆ ತೆರೆಯುವ ಕಿಟಕಿಗಳು ಒಟ್ಟು ಅರವತ್ತೆಂಟು. ಚಳಿಗಾಲದ ರಜೆ ಶುರುವಾಗುವ ಹೊತ್ತಿಗೆ ಅವುಗಳಲ್ಲಿ ಅರವತ್ತೇಳು ಕಿಟಕಿಗಳ ಕಟ್ಟೆಯ ಮೇಲೆ ಒಂದೊಂದು ಹಳದಿ ದೀಪ ಉರಿಯುತ್ತದೆ. ಅರವತ್ತೆಂಟನೆಯದು, ಎರಡನೆಯ ಮಹಡಿಯಲ್ಲಿ ಎಡದಿಂದ ನಾಲ್ಕನೆಯದು, ಕಪ್ಪಾಗಿರುತ್ತದೆ. ದೀಪ ಕೆಟ್ಟಿದೆ ಅಂದುಕೊಂಡವರಿದ್ದಾರೆ. ಒಳಗೆ ಯಾರೂ ಇಲ್ಲ ಅಂದುಕೊಂಡವರೂ ಇದ್ದಾರೆ. ಎರಡೂ ತಪ್ಪು. ಒಳಗೆ ಒಬ್ಬರಿದ್ದಾರೆ. ಬೇಕೆಂದೇ ಕಪ್ಪು ಬಟ್ಟೆ ಇಳಿಬಿಟ್ಟುಕೊಂಡು, ಅದರ ನಾಲ್ಕು ಅಂಚಿಗೂ ಮೊಳೆ ಹೊಡೆದುಕೊಂಡು ಕೂತಿದ್ದಾರೆ.

ಅವರಿಗೆ ಐವತ್ತೆಂಟು ವರ್ಷ. ಬೀದಿಯವರು ಎದುರಿಗೆ ಸೂಜಿಯಕ್ಕ ಅನ್ನುತ್ತಾರೆ. ಬೆನ್ನ ಹಿಂದೆ ಏನನ್ನುತ್ತಾರೆ ಎಂಬುದು ಅವರಿಗೂ ಗೊತ್ತು, ಅದರಲ್ಲೂ ಸೂಜಿ ಇದೆ. ಕೆಲಸ ರಫು. ಒಳ್ಳೆಯ ಉಣ್ಣೆ ಬಟ್ಟೆ ಹರಿದರೆ, ಸುಟ್ಟರೆ, ಹುಳು ತಿಂದರೆ, ಆ ತೂತಿನ ಮೇಲೆ ಬಟ್ಟೆಯ ನೇಯ್ಗೆಯನ್ನೇ ಎಳೆ ಎಳೆಯಾಗಿ ಮತ್ತೆ ನೇಯ್ದು ಗಾಯದ ಗುರುತೇ ಇಲ್ಲದಂತೆ ಮಾಡುವುದು. ಸಾಮಾನ್ಯವಾಗಿ ಬಟ್ಟೆಯ ಮಡಿಕೆಯ ಒಳಗಿನಿಂದಲೇ ಎಳೆ ಕಿತ್ತುಕೊಳ್ಳುತ್ತಾರೆ. ಅಲ್ಲಿ ಸಿಗದಿದ್ದರೆ ಪೆಟ್ಟಿಗೆಯ ನೂಲಿನಲ್ಲಿ ಬಣ್ಣ ಹೊಂದಿಸಬೇಕು. ಆಗ ಬೆಳಕೇ ಎಲ್ಲ.

ಕೆಲಸ ಕಲಿಸಿದ್ದು ಸೋದರತ್ತೆ. ಆಕೆ ಹೇಳಿಕೊಟ್ಟ ನಿಯಮ ಒಂದೇ: ಎರಡು ಬೆಳಕಲ್ಲಿ ನೋಡದೆ ಸೂಜಿಗೆ ನೂಲು ಪೋಣಿಸಬೇಡ. ಒಂದು ಕಿಟಕಿಯದು, ಒಂದು ದೀಪದ್ದು. ಹಗಲಲ್ಲಿ ಹೊಂದಿದ ನೂಲು ದೀಪದಡಿ ಬೇರೆಯಾಗಿ ಕಂಡರೆ ಗಿರಾಕಿ ಸಂಜೆ ಊಟಕ್ಕೆ ಹೋದ ಕಡೆ ಮಾನ ಹೋಗುತ್ತದೆ. ಇಪ್ಪತ್ತೇಳು ವರ್ಷದ ಹಿಂದೆ ಸೂಜಿಯಕ್ಕ ಈ ಕೋಣೆ ಹಿಡಿದಿದ್ದೂ ಕಿಟಕಿಗಾಗಿಯೇ. ಅದು ಉತ್ತರಕ್ಕೆ ಮುಖ ಮಾಡಿದೆ. ಬಿಸಿಲು ನೇರ ಬೀಳುವುದಿಲ್ಲ. ಎದುರಿನ ಅಂಗಡಿಯ ತಿಳಿಬಣ್ಣದ ಗೋಡೆ ಬೆಳಕನ್ನು ಮತ್ತಷ್ಟು ಮೆತ್ತಗೆ ಮಾಡಿ ಈಚೆ ಕಳಿಸುತ್ತದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆವರೆಗೆ ಒಂದೇ ಹದ. ಮದುವೆಯಾಗಿ ಹನ್ನೊಂದೇ ತಿಂಗಳಿಗೆ ಗಂಡನನ್ನು ಬಿಟ್ಟು ಬಂದದ್ದಕ್ಕೆ ಕಾರಣ ಕೇಳಿದವರಿಗೆ ಅವರು ಹೇಳುವುದು ಒಂದೇ ಮಾತು: "ಬೆಳಕಿಗೆ ಅಡ್ಡ ನಿಲ್ತಿದ್ದ."

ಕೆಲಸ ಮುಗಿಸಿ ಬಟ್ಟೆ ವಾಪಸು ಕೊಡುವಾಗ ಅವರದೊಂದು ಪದ್ಧತಿಯಿದೆ. ಗಿರಾಕಿಯ ಕೈಗೆ ದರ್ಜಿಯ ಸೀಮೆಸುಣ್ಣ ಕೊಡುತ್ತಾರೆ. "ಹುಡುಕಿ. ಸಿಕ್ಕರೆ ಸುತ್ತ ಗೆರೆ ಎಳೀರಿ." ಗೆರೆ ರಫುವಿಗೆ ತಾಗಿದರೆ ಕೂಲಿ ಬೇಡ. ಗಿರಾಕಿ ಬಗ್ಗುತ್ತಾರೆ, ಬಟ್ಟೆ ತಿರುಗಿಸುತ್ತಾರೆ, ಕನ್ನಡಕ ಒರೆಸಿಕೊಳ್ಳುತ್ತಾರೆ, ಕೊನೆಗೆ ಎಲ್ಲೋ ಒಂದು ಕಡೆ ಗೆರೆ ಎಳೆಯುತ್ತಾರೆ. ಸೂಜಿಯಕ್ಕ ಬ್ರಷ್ಷಿನಿಂದ ಸುಣ್ಣ ಒರೆಸಿ ಬಟ್ಟೆ ಮಡಚಿ ಕೊಡುತ್ತಾರೆ. ಇಪ್ಪತ್ತೇಳು ವರ್ಷದಲ್ಲಿ ಒಂದು ಗೆರೆಯೂ ತಾಗಿಲ್ಲ.

ದೀಪದ ಜೊತೆ ಅವರ ಜಗಳಕ್ಕೆ ಅಷ್ಟು ವಯಸ್ಸಾಗಿಲ್ಲ. ಮೊದಲೆಲ್ಲ ಎದುರಿನ ಅಂಗಡಿಯವರು ಮುಂಭಾಗಕ್ಕೆ ಬಿಳಿ ಬಲ್ಬಿನ ಸರ ಹಾಕುತ್ತಿದ್ದರು. ಅದು ತನ್ನ ಪಾಡಿಗೆ ಉರಿಯುತ್ತಿತ್ತು, ಇವರು ತಮ್ಮ ಪಾಡಿಗೆ ದೀಪದಡಿ ಹೊಲಿಯುತ್ತಿದ್ದರು. ಬಣ್ಣ ಬದಲಿಸುವ ದೀಪ ಬಂದು ಇದು ನಾಲ್ಕನೆಯ ವರ್ಷ. ಸಂಜೆ ಐದಕ್ಕೆ ಶುರು, ಹತ್ತಕ್ಕೆ ಮುಕ್ತಾಯ, ಹತ್ತು ನಿಮಿಷಕ್ಕೊಂದು ಆಟ. ಏಳು ಮಹಡಿಯ ಗೋಡೆ ಮೊದಲು ಕೆಂಪಾಗುತ್ತದೆ, ಆಮೇಲೆ ಹಸಿರು, ಆಮೇಲೆ ಒಂದೂವರೆ ನಿಮಿಷ ನೀಲಿ ನೇರಳೆಯಲ್ಲಿ ಹಿಮ ಉದುರಿದಂತೆ ಮಾಡುತ್ತದೆ, ಕೊನೆಗೆ ಚಿನ್ನದ ಬಣ್ಣ. ಜೊತೆಗೆ ಗಂಟೆ ಕಿಣಿಕಿಣಿಸುವ ಒಂದೇ ರಾಗ, ಸಂಜೆಗೆ ಮೂವತ್ತು ಸಲ. ನಲವತ್ತು ದಿನ. ನಗರದ ಮೂಲೆ ಮೂಲೆಯಿಂದ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾರೆ. ಎಲ್ಲರೂ ಎದುರಿನ ಗೋಡೆ ನೋಡಿ ಬಾಯಿ ತೆರೆಯುತ್ತಾರೆ. ಸೂಜಿಯಕ್ಕನ ಕೈಯಲ್ಲಿದ್ದ ಬಿಳಿ ಉಣ್ಣೆ ಮಾತ್ರ ಕೆಂಪಾಗಿ, ಹಸಿರಾಗಿ, ನೀಲಿಯಾಗಿ ಯಾವುದಕ್ಕೂ ಬಾರದಂತಾಗುತ್ತದೆ.

ಕಪ್ಪು ಬಟ್ಟೆ ಬಂದದ್ದು ಆಗ. ಅದರ ಜೊತೆಗೇ ಮೇಲ್ವಿಚಾರಕರೂ ಬಂದರು.

ಬೀದಿಯ ಅಂಗಡಿಗಳವರು ಸೇರಿ ಮಾಡಿಕೊಂಡ ದೀಪ ಸಮಿತಿಗೆ ಅವರು ಮೇಲ್ವಿಚಾರಕರು. ಕುಳ್ಳ ಮನುಷ್ಯ, ಚುರುಕು ನಡಿಗೆ, ಕೈಯಲ್ಲಿ ಸದಾ ಒಂದು ನಕ್ಷೆ. ಅದರಲ್ಲಿ ಅರವತ್ತೆಂಟು ಚೌಕ. ಬೀದಿಯವರಿಗೆ ಅವರು ದೀಪದ ಸಾಹೇಬರು, ಸೂಜಿಯಕ್ಕನಿಗೆ ಬರೀ ಬಲ್ಬು. ಮೊದಲ ವರ್ಷ ಅವರು ಮೇಲೆ ಬಂದು ಬಾಗಿಲಲ್ಲೇ ನಿಂತು ಹೇಳಿದ್ದರು:

"ನೋಡೀಮ್ಮ, ಸಾಲಲ್ಲಿ ನಿಮ್ಮದೊಂದು ಹಲ್ಲು ಬಿದ್ದ ಹಾಗೆ ಕಾಣುತ್ತೆ."

"ಬಾಯಿ ಮುಚ್ಚಿಕೊಂಡ್ರೆ ಹಲ್ಲು ಬಿದ್ದಿದ್ದು ಕಾಣಲ್ಲ ಸಾಹೇಬ್ರೇ."

ಕಟ್ಟೆಯ ಮೇಲಿಡಲು ಸಮಿತಿ ಕೊಟ್ಟ ಹಳದಿ ದೀಪವನ್ನು ಸೂಜಿಯಕ್ಕ ಬಾಗಿಲು ತಾನಾಗಿ ಮುಚ್ಚದಂತೆ ನೆಲಕ್ಕೆ ಅಡ್ಡ ಇಟ್ಟರು. ಎರಡನೆಯ ವರ್ಷ ಕಾಗದ ಬಂತು. ಮೂರನೆಯ ವರ್ಷ ಎಚ್ಚರಿಕೆಯ ಕಾಗದ. ಎರಡೂ ಗುಂಡಿಗಳ ಡಬ್ಬಿಯ ತಳಕ್ಕೆ ಹಾಸಾದವು. ನಾಲ್ಕನೆಯ ವರ್ಷ ಕಾಗದ ಬರಲಿಲ್ಲ, ಕಟ್ಟಡದ ಮಾಲೀಕರು ಬಂದರು. ಹೊಸ ವರ್ಷದ ಮೊದಲ ವಾರ ಕೋಣೆಯ ಕರಾರು ನವೀಕರಿಸಬೇಕು. ಈ ಸಲ ದೀಪ ಸಮಿತಿಯ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು, ಅದರ ಕೆಳಗೆ ಮೇಲ್ವಿಚಾರಕರ ಸಹಿ ಬೇಕು. ಇಲ್ಲದಿದ್ದರೆ ಕೋಣೆ ಕಾಫಿ ಅಂಗಡಿಯವರಿಗೆ. ಅವರು ಕಿಟಕಿ ಪಕ್ಕ ಕುರ್ಚಿ ಹಾಕಿ ಜನರಿಗೆ ದೀಪ ತೋರಿಸುತ್ತಾರಂತೆ.

"ಬೇರೆ ಕೋಣೆ ನೋಡಿಕೊಳ್ಳಿ, ಹಿಂದಿನ ಬೀದಿಯಲ್ಲಿ ಖಾಲಿ ಇದೆ," ಎಂದರು ಮಾಲೀಕರು.

ಹಿಂದಿನ ಬೀದಿಯ ಕೋಣೆಯನ್ನು ಸೂಜಿಯಕ್ಕ ನೋಡಿಬಂದರು. ಕಿಟಕಿ ಪಶ್ಚಿಮಕ್ಕಿತ್ತು, ಮೂರು ಅಡಿ ಆಚೆ ಇನ್ನೊಂದು ಗೋಡೆ. ಅಲ್ಲಿ ಮಧ್ಯಾಹ್ನವೂ ಕಪ್ಪಿಗೂ ಕಡುನೀಲಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಅಲ್ಲಿ ಕೂತರೆ ರಫು ಬಿಟ್ಟು ಗುಂಡಿ ಹಾಕಿಕೊಂಡು ಬದುಕಬೇಕು.

ಹೀಗೆ ಅವರ ಜುಟ್ಟು ಬಲ್ಬಿನ ಕೈಗೆ ಸಿಕ್ಕಿತು. ಅದಾದ ಹತ್ತು ದಿನಕ್ಕೆ ಬಲ್ಬಿನ ಕೋಟು ಸೂಜಿಯಕ್ಕನ ಕೈಗೆ ಸಿಕ್ಕಿತು.

ದೀಪಗಳ ಉದ್ಘಾಟನೆಗೆ ಮೂರು ದಿನ ಉಳಿದಿತ್ತು. ಬುಧವಾರ ಬೆಳಿಗ್ಗೆ ಮೇಲ್ವಿಚಾರಕರು ತೋಳಿನ ಮೇಲೆ ಬೂದು ಬಣ್ಣದ ಉಣ್ಣೆ ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದರು. ಬಾಗಿಲ ಬಳಿ ನೆಲದ ಮೇಲಿದ್ದ ತಮ್ಮ ದೀಪವನ್ನು ಕಂಡರು. ಅದನ್ನು ದಾಟಿ ಒಳಗೆ ಕಾಲಿಟ್ಟರು.

"ನಮಸ್ಕಾರ. ಕೆಲಸ ಇತ್ತು."

"ನನಗೂ ಇದೆ, ಹೇಳಿ."

ಕೋಟಿನ ಬೆನ್ನಿಗೆ, ಎಡ ಹೆಗಲಿನ ಕೆಳಗೆ, ಬೆರಳುದ್ದ ಹರಿದಿತ್ತು. ಕಂಬಕ್ಕೆ ಕಟ್ಟಿದ ತಂತಿ ನಕ್ಷತ್ರ ನೇರವಾಗಿದೆಯೋ ಇಲ್ಲವೋ ನೋಡಲು ಅವರೇ ಏಣಿ ಹತ್ತಿದ್ದರು. ಇಳಿಯುವಾಗ ಕೊಕ್ಕೆ ಹಿಡಿದುಕೊಂಡಿತು.

"ಓಹೋ, ನಿಮ್ಮ ನಕ್ಷತ್ರಾನೇ ಕಚ್ಚಿದ್ದಾ?" ಸೂಜಿಯಕ್ಕ ಕೋಟನ್ನು ಕಿಟಕಿಯ ಹತ್ತಿರ ಹಿಡಿದರು. "ಸಾಕಿದ ನಾಯಿ ಸಾಹೇಬ್ರೇ, ಹತ್ತಿರ ಹೋಗಬಾರದು."

"ತಮಾಷೆ ಸಾಕು. ಶನಿವಾರಕ್ಕೆ ಬೇಕು. ಇದು ನಮ್ಮ ಮಾವನವರ ಕೋಟು. ಈ ಬೀದಿಗೆ ಮೊದಲು ದೀಪ ಹಾಕಿಸಿದ್ದು ಅವರೇ. ಉದ್ಘಾಟನೆಗೆ ಇದನ್ನ ಹಾಕದೆ ಹೋದ್ರೆ ಮನೇಲಿ ನನಗೆ ಊಟ ಇಲ್ಲ."

"ಗೊತ್ತು ಅವರು. ಬಿಳಿ ದೀಪ ಹಾಕಿಸ್ತಿದ್ರು. ಮನುಷ್ಯರು." ಸೂಜಿಯಕ್ಕ ಕೋಟಿನ ಅಂಚನ್ನು ಒಳಮುಖ ಮಾಡಿ ನೋಡಿದರು. ಮಡಿಕೆ ಇರಬೇಕಾದಲ್ಲಿ ಇರಲಿಲ್ಲ. "ಇದನ್ನ ಯಾರು ಕತ್ತರಿಸಿದ್ದು?"

"ನನಗೆ ಉದ್ದ ಆಗ್ತಿತ್ತು."

"ಒಂದು ಗೇಣು ಕತ್ತರಿಸಿದ್ದಾರೆ. ಎಳೆ ತೆಗೆಯೋಕೆ ಒಳಗೆ ಏನೂ ಉಳಿಸಿಲ್ಲ. ಮಾವನ ಕೋಟೇನೋ ಸಿಕ್ಕಿತು, ಮಾವನ ಎತ್ತರ ಎಲ್ಲಿಂದ ತರ್ತೀರಿ?"

ಮೇಲ್ವಿಚಾರಕರ ಕಿವಿ ಕೆಂಪಾಯಿತು. ಅವರು ಕಪ್ಪು ಬಟ್ಟೆಯ ಕಡೆ ತಿರುಗಿದರು. ಹಗಲಾದ್ದರಿಂದ ಅದು ಮೇಲಕ್ಕೆ ಸುತ್ತಿಕೊಂಡಿತ್ತು. "ಕೆಲಸ ಮಾಡ್ತೀರೋ ಇಲ್ವೋ? ನಿಮ್ಮ ಪತ್ರ ನನ್ನ ಮೇಜಿನ ಮೇಲಿದೆ. ಮರೀಬೇಡಿ."

"ಕೋಟು ಸರಿ ಮಾಡಿದ್ರೆ ಸಹಿ ಹಾಕ್ತೀರಾ?"

"ಉದ್ಘಾಟನೆ ಚೆನ್ನಾಗಿ ಮುಗೀಲಿ. ಆಮೇಲೆ ನೋಡೋಣ."

"ನೋಡೋಣ ಅನ್ನೋದು ಸಹಿ ಅಲ್ಲ."

"ಹಾಕ್ತೀನಿ ಕಣ್ರೀ. ಮಾತು ಅಂದ್ರೆ ಮಾತು. ಕೋಟು ಕಾಣಬೇಕು, ಹರಿದಿದ್ದು ಕಾಣಬಾರದು. ಅಷ್ಟೇ."

ಹೋಗುವಾಗ ಅವರು ನೆಲದ ಮೇಲಿನ ದೀಪವನ್ನೆತ್ತಿ, ಕೋಟಿನ ಪಕ್ಕ ಮೇಜಿನ ಮೇಲಿಟ್ಟು ಹೋದರು. ಅವರ ಹೆಜ್ಜೆ ಸದ್ದು ಕೆಳಗಿಳಿಯುವ ಮೊದಲೇ ಅದು ಬಾಗಿಲ ಬುಡಕ್ಕೆ ವಾಪಸಾಗಿತ್ತು.

ಸೂಜಿಯಕ್ಕನ ನೂಲಿನ ಪೆಟ್ಟಿಗೆಯಲ್ಲಿ ಬೂದು ಬಣ್ಣವೇ ಹದಿನಾರು ಬಗೆ. ಕಿಟಕಿಯ ಬೆಳಕಿನಲ್ಲಿ ಅವರು ಒಂದೊಂದನ್ನೇ ಹರಿದ ಅಂಚಿಗೆ ಹಿಡಿದು ನೋಡಿದರು. ಒಂಬತ್ತನೆಯದು ಹೊಂದಿತು. ಕತ್ತಲಾದ ಮೇಲೆ ಕಪ್ಪು ಬಟ್ಟೆ ಇಳಿಸಿ, ದೀಪ ಹಚ್ಚಿ ಮತ್ತೆ ನೋಡಿದರು. ಆಗಲೂ ಹೊಂದಿತು. ಗುರುವಾರ ಇಡೀ ದಿನ ಹೊಲಿದರು: ಎರಡು ಎಳೆಯ ಮೇಲೆ, ಎರಡರ ಕೆಳಗೆ, ಮುಂದಿನ ಸಾಲಿಗೆ ಒಂದು ಎಳೆ ಸರಿದು ಮತ್ತೆ ಎರಡು. ಕೊನೆಗೆ ಕಣ್ಣು ಮುಚ್ಚಿ ಹೆಬ್ಬೆರಳು ಸವರಿದರು. ಎಲ್ಲೂ ತಡೆಯಲಿಲ್ಲ. ದ್ವೇಷ ಇದ್ದಲ್ಲಿ ಅವರ ಕೈ ಇನ್ನೂ ಚೆನ್ನಾಗಿ ಓಡುತ್ತದೆ ಎಂದು ಅವರ ತಂಗಿ ಹೇಳುವುದುಂಟು.

ಶುಕ್ರವಾರ ಮಧ್ಯಾಹ್ನ ಮೇಲ್ವಿಚಾರಕರು ಬಂದಾಗ ಸೀಮೆಸುಣ್ಣ ಕೊಟ್ಟರು. ಎಲ್ಲಿ ಹರಿದಿತ್ತು ಎಂದು ಗೊತ್ತಿದ್ದ ಮನುಷ್ಯ ಐದು ನಿಮಿಷ ಹುಡುಕಿದರು. ಎಳೆದ ಗೆರೆ ನಾಲ್ಕು ಬೆರಳು ಕೆಳಗೆ ಬಿತ್ತು. ಸೂಜಿಯಕ್ಕ ಒರೆಸಿದರು, ಮಡಚಿದರು, ಕೊಟ್ಟರು.

"ಪರವಾಗಿಲ್ಲ," ಎಂದರು ಮೇಲ್ವಿಚಾರಕರು.

"ಅದು ನನಗೂ ಗೊತ್ತು. ಸಹಿ?"

"ನಾಳೆ ಆಗಲಿ."

ಶನಿವಾರ ಸಂಜೆ ನಾಲ್ಕೂವರೆಗೆ ತಂಗಿ, ತಂಗಿಯ ಗಂಡ ಬಂದರು. ಪ್ರತಿ ವರ್ಷವೂ ಬರುತ್ತಾರೆ. ಬೀದಿಯಲ್ಲಿ ಆ ದಿನ ಕಾಲಿಡಲು ಜಾಗವಿರುವುದಿಲ್ಲ, ಎರಡನೆಯ ಮಹಡಿಯ ಕಿಟಕಿ ಬಿಟ್ಟಿ ಸಿಕ್ಕರೆ ಯಾರು ಬಿಡುತ್ತಾರೆ? ಪ್ರತಿ ವರ್ಷವೂ ಕಪ್ಪು ಬಟ್ಟೆಯ ವಿಷಯಕ್ಕೆ ಜಗಳ, ಕೊನೆಗೆ ಒಂದು ಮೂಲೆಯ ಮೊಳೆ ಕಿತ್ತು, ತಂಗಿ ಒಂದು ಕಣ್ಣಿಟ್ಟು ನೋಡುವುದು.

"ಊರಿಗೊಂದು ದಾರಿ ಆದ್ರೆ ನಮ್ಮಕ್ಕನಿಗೆ ಇನ್ನೊಂದು ದಾರಿ," ಎಂದರು ತಂಗಿ, ಮೊಳೆ ಕೀಳುತ್ತ. "ಇಡೀ ನಗರ ಇದನ್ನ ನೋಡೋಕೆ ಬಸ್ಸಲ್ಲಿ ನೇತಾಡಿಕೊಂಡು ಬರುತ್ತೆ. ಇವಳಿಗೆ ಮನೆ ಬಾಗಿಲಿಗೇ ಬಂದ್ರೂ ಬೇಡ."

"ಮನೆ ಬಾಗಿಲಿಗೆ ಬಂದಿಲ್ಲ ಕಣೇ, ಮನೆ ಒಳಗೇ ಬಂದಿದೆ. ಕರೆದಿದ್ಯಾರು?"

"ಅತ್ತಿಗೆ, ಈ ಸಲ ಏನು ಬಣ್ಣ ಶುರುವಿಗೆ?" ತಂಗಿಯ ಗಂಡ ಟೈರ್ ಅಂಗಡಿಯವರು, ಯಾರ ಜಗಳವನ್ನೂ ಗಂಭೀರವಾಗಿ ತೆಗೆದುಕೊಳ್ಳುವವರಲ್ಲ.

"ನನ್ನ ಕೇಳ್ತೀಯಾ? ಕೆಳಗೆ ಹೋಗಿ ಬಲ್ಬನ್ನ ಕೇಳು."

ವೇದಿಕೆ ಕಿಟಕಿಯ ನೇರಕ್ಕೆ, ಕೆಳಗೆ ಬೀದಿಯ ಆಚೆ ಬದಿಯಲ್ಲಿತ್ತು. ಮೇಲ್ವಿಚಾರಕರು ಅಂಗಡಿಯ ಗೋಡೆಗೆ ಮುಖ ಮಾಡಿ, ಜನರಿಗೂ ಈ ಕಿಟಕಿಗೂ ಬೆನ್ನು ಹಾಕಿ ನಿಂತಿದ್ದರು. ಬೂದು ಕೋಟು ಚೆನ್ನಾಗಿ ಒಪ್ಪುತ್ತಿತ್ತು. ಬಣ್ಣದ ದೀಪಗಳು ಅವರ ಹಿಂದಿನ ಕಂಬಗಳಲ್ಲೂ ಇದ್ದುದರಿಂದ ಬೆಳಕು ಬೆನ್ನಿಗೂ ಬೀಳುವಂತಿತ್ತು. ಐದು ಗಂಟೆಗೆ ಅವರು ಗುಂಡಿ ಒತ್ತಿದರು. ಗೋಡೆ ಕೆಂಪಾಯಿತು, ಜನ ಹೋ ಎಂದರು. ಹಸಿರಾಯಿತು, ಮತ್ತೆ ಹೋ. ನೀಲಿ ನೇರಳೆ ಬಂದಾಗ ಮೊದಲು ಹೋ ಬಂತು, ಆಮೇಲೆ ಇನ್ನೊಂದು ಬಗೆಯ ಸದ್ದು. ವೇದಿಕೆಯ ಹತ್ತಿರದವರಿಂದ ಶುರುವಾಗಿ ಹಿಂದಕ್ಕೆ ಹರಡಿತು. ಅದು ನಗು.

"ಅಕ್ಕ," ತಂಗಿ ಮೂಲೆಯಿಂದ ಕಣ್ಣು ತೆಗೆಯದೆ ಕರೆದರು. "ಅಕ್ಕ, ಬಾ ಇಲ್ಲಿ. ಬೇಗ."

ಸೂಜಿಯಕ್ಕ ಬಗ್ಗಿ ನೋಡಿದರು. ಮೇಲ್ವಿಚಾರಕರ ಬೆನ್ನಿನ ಮೇಲೆ, ಎಡ ಹೆಗಲಿನ ಕೆಳಗೆ, ಬೆರಳುದ್ದದ ಒಂದು ಗೆರೆ ಹಾಲಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ಸುತ್ತಲಿನ ಉಣ್ಣೆ ಕತ್ತಲು, ರಫು ಮಾತ್ರ ಉರಿಯುತ್ತಿತ್ತು. ಒಂದೊಂದು ಎಳೆಯನ್ನೂ ಬೀದಿಯಿಂದಲೇ ಎಣಿಸಬಹುದಿತ್ತು.

ಈಗಿನ ನೂಲುಗಳಲ್ಲಿ ಕೆಲವಕ್ಕೆ ಹೊಳಪು ಬರಲೆಂದು ಏನೋ ಮದ್ದು ಹಾಕಿರುತ್ತಾರೆ. ಹಗಲಲ್ಲಿ ಅದು ಗೊತ್ತಾಗುವುದಿಲ್ಲ, ಮನೆಯ ದೀಪದಲ್ಲೂ ಗೊತ್ತಾಗುವುದಿಲ್ಲ. ನೇರಳೆ ಬೆಳಕು ಬಿದ್ದರೆ ಅದು ತಾನೇ ದೀಪವಾಗುತ್ತದೆ. ಒಂಬತ್ತನೆಯ ಬೂದು ಅಂಥದ್ದು.

ಕೆಳಗೆ ಯಾರೋ ಕಿವಿಯಲ್ಲಿ ಹೇಳಿರಬೇಕು, ಮೇಲ್ವಿಚಾರಕರು ಕೈ ಹಿಂದೆ ತಿರುಗಿಸಿ ಹೆಗಲು ಮುಟ್ಟಿಕೊಂಡರು. ತಂಗಿಯ ಗಂಡ ತಡೆಯಲಾರದೆ ನಕ್ಕುಬಿಟ್ಟರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಕಣ್ಣಾರೆ ಕಂಡೆ! ಅತ್ತಿಗೆ, ಇಪ್ಪತ್ತು ಸಾವಿರ ಜನರ ಮುಂದೆ ಚೆನ್ನಾಗಿ ಬೆನ್ನಿಗೆ ಬರೆ ಎಳೆದ್ರಿ!"

"ನಗಬೇಡ," ಎಂದರು ಸೂಜಿಯಕ್ಕ. ಧ್ವನಿ ಕೇಳಿ ಅವರು ನಿಲ್ಲಿಸಿದರು. "ಅವರ ಬೆನ್ನಲ್ಲ ಅದು, ನನ್ನ ಕೈ."

"ಬೇಕಂತಲೇ ಮಾಡಿದ್ದಲ್ವಾ ಅಕ್ಕ?" ತಂಗಿ ಮೆಲ್ಲಗೆ ಕೇಳಿದರು. "ನನ್ನ ಹತ್ರ ಹೇಳು."

"ಬೇಕಂತ ಮಾಡಿದ್ರೆ ಇಷ್ಟು ಹೊಟ್ಟೆ ಉರೀತಿರಲಿಲ್ಲ ಕಣೇ. ಕಿಟಕಿ ಬೆಳಕಲ್ಲಿ ನೋಡಿದೆ, ದೀಪದ ಬೆಳಕಲ್ಲಿ ನೋಡಿದೆ. ಇದನ್ನ..." ಎದುರಿನ ಗೋಡೆಯ ಕಡೆ ಗಲ್ಲ ಎತ್ತಿದರು. "ಇದನ್ನ ಬೆಳಕು ಅಂತ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ."

ಕೋಟು ಹಾಕುವ ಮನುಷ್ಯ ಯಾರು, ಯಾವ ಬೆಳಕಿನಲ್ಲಿ ನಿಲ್ಲುತ್ತಾನೆ ಎಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಆ ಬೆಳಕು ನಾಲ್ಕು ವರ್ಷದಿಂದ ಅವರ ಕಿಟಕಿಗೇ ಬಡಿಯುತ್ತಿತ್ತು. ಮೊಳೆ ಕಿತ್ತು ಬಟ್ಟೆ ಸರಿಸಿದ್ದರೆ ಒಂದೂವರೆ ನಿಮಿಷದ ಕೆಲಸ. ಬುಧವಾರವೂ ಗುರುವಾರವೂ ಎದುರಿನವರು ಬಣ್ಣ ಬದಲಿಸಿ ಪರೀಕ್ಷೆ ಮಾಡಿದ್ದರು. ಆ ಹೊತ್ತಿಗೆ ಸೂಜಿಯಕ್ಕ ಕಪ್ಪು ಬಟ್ಟೆಯ ಈಚೆ ಕೂತು ಅವರನ್ನು ಬೈಯುತ್ತಿದ್ದರು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಮೇಲ್ವಿಚಾರಕರು ಕೋಟನ್ನು ಮೇಜಿನ ಮೇಲೆ ಎಸೆದರು.

"ಸೇಡು ತೀರಿಸಿಕೊಂಡ್ರಿ. ಸಂತೋಷ ಆಯ್ತಾ?"

ಸೂಜಿಯಕ್ಕ ಕೋಟನ್ನು ಕಿಟಕಿಯ ಬೆಳಕಿಗೆ ಹರಡಿ ಸೀಮೆಸುಣ್ಣ ಮುಂದೆ ಹಿಡಿದರು. "ತೋರಿಸಿ. ಎಲ್ಲಿ?"

"ನಾಟಕ ಆಡಬೇಡಿ! ಇಲ್ಲೇ ಇತ್ತು, ಇಡೀ ಬೀದಿ ನೋಡಿದೆ. ಫೋಟೋ ಬೇಕಾ? ನನ್ನ ಹೆಂಡತಿಗೆ ಎಂಟು ಜನ ಕಳಿಸಿದ್ದಾರೆ."

"ಇಲ್ಲೇ ಅಂದ್ರೆ ಎಲ್ಲಿ? ಗೆರೆ ಎಳೀರಿ."

ಅವರು ಬಗ್ಗಿದರು. ಬೂದು ಉಣ್ಣೆ ಬೂದಾಗಿಯೇ ಇತ್ತು. ಬೆರಳಿಟ್ಟರು, ತೆಗೆದರು, ಇನ್ನೊಂದು ಕಡೆ ಇಟ್ಟರು. ಸುಣ್ಣ ಕೈಯಲ್ಲೇ ಉಳಿಯಿತು.

"ಇಲ್ಲಿ ಕಾಣಲ್ಲ," ಎಂದರು ಕೊನೆಗೆ, ಹಲ್ಲು ಕಚ್ಚಿ. "ಅಲ್ಲಿ ಕಾಣುತ್ತೆ."

"ಅಲ್ಲಿದು ಬೆಳಕೇ ಅಲ್ಲ."

"ನಲವತ್ತು ದಿನ ನಾನು ನಿಲ್ಲೋದು ಅಲ್ಲೇ ಕಣ್ರೀ! ಬರೋ ಶನಿವಾರ ನಗರಸಭೆ ಅಧ್ಯಕ್ಷರು ಬರ್ತಾರೆ, ಅದೇ ವೇದಿಕೆ. ಮಾವನ ಕೋಟಿಗೆ ಹೀಗಾಯ್ತು ಅಂತ ಮನೇಲಿ ನಿನ್ನೆಯಿಂದ ನನ್ನ ಹತ್ರ ಯಾರೂ ಮಾತಾಡಿಲ್ಲ." ಅವರು ಬಾಗಿಲ ಕಡೆ ತಿರುಗಿದರು. "ಶುಕ್ರವಾರ ಸಂಜೆ ಬರ್ತೀನಿ. ನನ್ನ ದೀಪದಲ್ಲಿ ಕಾಣಬಾರದು. ಕಂಡ್ರೆ ನಿಮ್ಮ ಪತ್ರ ಇಲ್ಲೇ ಹರಿದು ಹಾಕ್ತೀನಿ. ಅದನ್ನ ಬೇಕಾದ್ರೆ ರಫು ಮಾಡಿಕೊಳ್ಳಿ."

ಸೋಮವಾರ ಸಂಜೆ ಐದಾದರೂ ಸೂಜಿಯಕ್ಕ ಕಪ್ಪು ಬಟ್ಟೆ ಇಳಿಸಲಿಲ್ಲ.

ಆಟ ಹತ್ತು ನಿಮಿಷಕ್ಕೊಂದು, ಬೇಕಾದ ನೀಲಿ ನೇರಳೆ ಒಂದೂವರೆ ನಿಮಿಷ. ಕೋಟನ್ನು ಕಿಟಕಿಯ ಕಟ್ಟೆಯ ಮೇಲೆ ಹರಡಿಕೊಂಡು, ಮಡಿಲಲ್ಲಿ ನೂಲಿಟ್ಟುಕೊಂಡು ಅವರು ಕಾದರು. ಕೆಂಪು ಬಂದಾಗ ಕಣ್ಣು ಮುಚ್ಚಿಕೊಂಡರು. ಹಸಿರು ಬಂದಾಗ ಒಂದು ಬೈಗುಳ. ನೀಲಿ ಬಂದೊಡನೆ ಒಂದು ಎಳೆ ಹಿಡಿದು ನೋಡುವುದು, ಹೊಳೆದರೆ ಪಕ್ಕಕ್ಕೆಸೆದು ಇನ್ನೊಂದು. ಗಂಟೆಯ ರಾಗ ಹನ್ನೆರಡನೆಯ ಸಲ ಮುಗಿಯುವಷ್ಟರಲ್ಲಿ ಹದಿನಾರು ಬೂದೂ ಮುಗಿದಿದ್ದವು. ಕೆಲವು ಹೊಳೆದವು, ಹೊಳೆಯದವು ಹಗಲಿಗೆ ಹೊಂದುತ್ತಿರಲಿಲ್ಲ.

ಮಂಗಳವಾರ ಅವರು ಸೋದರತ್ತೆಯ ತಗಡಿನ ಡಬ್ಬಿ ತೆರೆದರು. ಅದರಲ್ಲಿದ್ದದ್ದು ನೂಲಿಗೆ ಯಾರೂ ಮದ್ದು ಹಾಕದಿದ್ದ ಕಾಲದ ತುಂಡುಗಳು, ಕಾಗದದ ಚೂರಿಗೆ ಸುತ್ತಿದವು. ಹಗಲಲ್ಲಿ ಎರಡು ಹೊಂದಿದವು. ಕಿಟಕಿ ಮತ್ತೆ ತೆರೆದಿತ್ತು. ಮೊದಲ ನೀಲಿಯಲ್ಲಿ ಒಂದು ತುಂಡು ಸ್ವಲ್ಪ ಕಂದಿತು. ಎರಡನೆಯದು ಕೋಟಿನ ಮೇಲಿಟ್ಟ ಕೂಡಲೇ ಮಾಯವಾಯಿತು, ಬೆರಳಿಂದ ತಡಕಿ ಹುಡುಕಬೇಕಾಯಿತು.

ಹಳೆಯ ರಫು ಬಿಚ್ಚಿ ಹೊಸದು ಹಾಕಲು ಇನ್ನೂ ಎರಡು ದಿನ. ಹಗಲಲ್ಲಿ ಹೊಲಿದು, ಹೊಲಿದಷ್ಟನ್ನು ಸಂಜೆ ನೀಲಿಯಲ್ಲಿ ನೋಡುವುದು. ಈ ನಡುವೆ ಕೆಳಗಿನ ಜನ ಕಿಟಕಿಯನ್ನು ಕಂಡುಕೊಂಡಿದ್ದರು. ಹಳದಿ ದೀಪಗಳ ಸಾಲಿನಲ್ಲಿ ಒಂದು ಕಡೆ ದೀಪವಿಲ್ಲ. ಅಲ್ಲಿ ನೆರೆಗೂದಲಿನ ಹೆಂಗಸೊಬ್ಬರು ಬಣ್ಣ ಬದಲಿಸುವ ಬೆಳಕಿನಲ್ಲಿ ಕೋಟು ಹಿಡಿದು ಸಿಟ್ಟಿನ ಮುಖ ಮಾಡಿ ಕೂತಿದ್ದಾರೆ. ಇದೂ ಪ್ರದರ್ಶನದ್ದೇ ಭಾಗ ಎಂದುಕೊಂಡರು. ಹೆಗಲ ಮೇಲಿನ ಮಕ್ಕಳು ಬೆರಳು ತೋರಿಸಿದವು. ಗುರುವಾರ ಅವರು ಹಲ್ಲಿನಿಂದ ನೂಲು ಕಡಿದಾಗ ಚಪ್ಪಾಳೆ ಬಿತ್ತು.

"ಏನು ನೋಡ್ತೀರಿ, ನಿಮಗೆ ಮನೆ ಇಲ್ವಾ?" ಎಂದು ಸೂಜಿಯಕ್ಕ ಕಿಟಕಿಯಿಂದ ಕೂಗಿದರು. ಗಂಟೆಯ ರಾಗದಲ್ಲಿ ಯಾರಿಗೂ ಕೇಳಿಸಲಿಲ್ಲ. ಕೈ ಬೀಸಿದರು ಅಂದುಕೊಂಡು ಜನ ತಿರುಗಿ ಕೈ ಬೀಸಿದರು.

ಶುಕ್ರವಾರ ಐದೂಕಾಲಿಗೆ ಮೇಲ್ವಿಚಾರಕರು ಬಂದರು. ಅಕ್ಕನ ಗತಿ ಏನಾಗುತ್ತದೋ ಎಂದು ತಂಗಿಯೂ ಬಂದು ಮೂಲೆಯ ಸ್ಟೂಲಿನಲ್ಲಿ ಕೂತಿದ್ದರು. ಮೇಲ್ವಿಚಾರಕರ ಕೈಯಲ್ಲಿ ಪತ್ರವಿತ್ತು, ಜೇಬಿನಲ್ಲಿ ಪೆನ್ನು. ತೆರೆದ ಕಿಟಕಿಯನ್ನು ಅವರು ಗೆದ್ದವರಂತೆ ನೋಡಿದರು.

"ನೋಡಿ, ತೆರೆದ್ರೆ ಸತ್ತು ಹೋಗಲ್ಲ."

"ಸುಣ್ಣ ಹಿಡೀರಿ," ಎಂದರು ಸೂಜಿಯಕ್ಕ. "ನಿಮ್ಮ ನೀಲಿ ಬರ್ತಿದೆ."

ಗೋಡೆ ನೇರಳೆಯಾಯಿತು. ಕೋಣೆಯ ಮೂವರೂ ನೀಲಿಯಾದರು. ಮೇಲ್ವಿಚಾರಕರು ಕೋಟಿನ ಮೇಲೆ ಮೂಗು ತಾಗುವಷ್ಟು ಬಗ್ಗಿದರು. ಒಂದೂವರೆ ನಿಮಿಷ ಮುಗಿಯಿತು. "ಇನ್ನೊಂದು ಸಲ," ಎಂದರು. ಗೋಡೆ ಚಿನ್ನವಾಗಿ, ಕೆಂಪಾಗಿ, ಹಸಿರಾಗುವವರೆಗೂ ಸುಣ್ಣ ಹಿಡಿದೇ ಕಾದರು. ಎರಡನೆಯ ನೀಲಿಯಲ್ಲಿ, ಹಿಮ ನಿಲ್ಲುವ ಮೊದಲು, ಅವರು ಆತುರದಿಂದ ದುಂಡಗೆ ಒಂದು ದೊಡ್ಡ ಗೆರೆ ಎಳೆದರು.

ಸೂಜಿಯಕ್ಕ ದೀಪ ಹಚ್ಚಿ ಕೋಟಿನ ಒಳಭಾಗ ತಿರುಗಿಸಿ ತೋರಿಸಿದರು. ಅಲ್ಲಿ ಮಾತ್ರ ಎಳೆಯ ತುದಿಗಳು ಕಾಣುತ್ತವೆ. ಗೆರೆ ಒಂದು ಗೇಣು ದೂರ ಬಿದ್ದಿತ್ತು.

"ಸಹಿ," ಎಂದರು.

ಮೇಲ್ವಿಚಾರಕರು ಹಾಕಿದರು. ಪೆನ್ನು ಮುಚ್ಚಿದರು. ಕೋಟು ತೊಟ್ಟುಕೊಂಡರು, ಮತ್ತೂ ನಿಂತರು.

"ಇನ್ನೊಂದು ವಿಷಯ. ಈ ನಾಲ್ಕು ದಿನ ನೀವು ಕೂತಿದ್ದು ಜನಕ್ಕೆ ತುಂಬ ಹಿಡಿಸಿದೆಯಂತೆ. ಸಮಿತಿಯವರು ಕೇಳ್ತಿದ್ರು, ದಿನಾ ಸಂಜೆ ಒಂದು ಗಂಟೆ ಹೀಗೇ ಕಿಟಕೀಲಿ..."

"ಮೆಟ್ಟಿಲು ಆ ಕಡೆ ಇದೆ ಸಾಹೇಬ್ರೇ."

ಅವರು ಹೋದರು. ಹೋಗುವಾಗ ಬಾಗಿಲ ಬುಡದ ದೀಪ ಕಾಲಿಗೆ ತಾಗಿ ಉರುಳಿತು. ಸೂಜಿಯಕ್ಕ ಅದನ್ನು ಎತ್ತಿ ನೆಟ್ಟಗೆ ಅಲ್ಲೇ ಇಟ್ಟರು. ಆಮೇಲೆ ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು ಕಪ್ಪು ಬಟ್ಟೆ ಎಳೆದರು. ಮೂರನೆಯ ಮೊಳೆ ಹೊಡೆಯುವಷ್ಟರಲ್ಲಿ ಕೆಳಗೆ ಬೀದಿ ಮತ್ತೆ ನೀಲಿಯಾಯಿತು. ಇನ್ನೂ ತೆರೆದಿದ್ದ ಮೂಲೆಗೆ ತಂಗಿ ಕಣ್ಣಿಟ್ಟಿದ್ದರು.

"ಅಕ್ಕ! ಸುಣ್ಣದ ಗೆರೆ ಒರೆಸಲಿಲ್ವಾ? ಬೆನ್ನ ಮೇಲೆ ತಟ್ಟೆಯಷ್ಟು ಬೆಳ್ಳಗೆ ಕಾಣ್ತಿದೆ. ಜನ ಮತ್ತೆ ಶುರು ಮಾಡಿದ್ರು."

ಸೂಜಿಯಕ್ಕ ಕೊನೆಯ ಮೊಳೆಯನ್ನು ಬಾಯಿಂದ ತೆಗೆದರು.

"ಪತ್ರ ಅಲ್ಲೇ ಮೇಜಿನ ಮೇಲಿದೆ," ಎಂದರು. "ಸಹಿ ಒಣಗಿತಾ ನೋಡು."